ಮೊದಲ ಪುಸ್ತಕ ಯಾವುದು? ಟ್ರಂಪೆಟ್, ಟ್ರೊಂಬೋನ್, ಹಾರ್ನ್ ಹಿಡಿದು ಕೂತವರಿಗೆ

ಟ್ರಂಪೆಟ್ ಕೊಂಡ ದಿನವೇ ನಾನು ಆರ್ಬನ್ ಅನ್ನುವವರು ಬರೆದ ಪಾಠದ ಪುಸ್ತಕವನ್ನೂ ಕೊಂಡೆ. ಯಾರನ್ನು ಕೇಳಿದರೂ ಅದೇ ಹೆಸರು ಬರುತ್ತಿತ್ತು. 'ಇದೊಂದು ಇದ್ದರೆ ಜೀವನಪೂರ್ತಿ ಸಾಕು' ಅಂದರು. ಮಾತು ಸುಳ್ಳಲ್ಲ. ಮುನ್ನೂರು ಪುಟಕ್ಕೂ ಜಾಸ್ತಿ ಇರುವ ಪುಸ್ತಕ ಜೀವನಪೂರ್ತಿ ಬರದೆ ಇನ್ನೇನು? ನನಗೆ ಬೇಕಾಗಿದ್ದದ್ದು ಮೊದಲ ಮೂರು ತಿಂಗಳಿಗೆ ಸಾಕಾಗುವಂಥದ್ದು, ಅಷ್ಟೇ.

ದಿನಾ ಮುಕ್ಕಾಲು ಗಂಟೆ ಊದುತ್ತಿದ್ದೆ. ಮೊದಲ ಹತ್ತು ಹನ್ನೆರಡು ನಿಮಿಷ ಪರವಾಗಿಲ್ಲ ಅನ್ನಿಸುತ್ತಿತ್ತು. ಆಮೇಲೆ ಮೇಲ್ದುಟಿಗೆ ಜೋಮು ಹಿಡಿದಂತಾಗಿ, ಸ್ವರದ ಜಾಗದಲ್ಲಿ ಬರೀ ಗಾಳಿ ಬುಸ್ ಅನ್ನುತ್ತಿತ್ತು. ನಾನು ಮೌತ್‌ಪೀಸನ್ನು ಇನ್ನೂ ಗಟ್ಟಿಯಾಗಿ ಒತ್ತುತ್ತಿದ್ದೆ. ಕನ್ನಡಿ ನೋಡಿಕೊಂಡರೆ ತುಟಿಯ ಮೇಲೆ ಪುಟ್ಟ ಬಳೆ ಒತ್ತಿದ ಹಾಗೆ ಕೆಂಪು ಗುರುತು. ಮೂರನೇ ವಾರದ ಹೊತ್ತಿಗೆ 'ನನ್ನ ತುಟಿ ಈ ವಾದ್ಯಕ್ಕೆ ಹುಟ್ಟಿದ್ದಲ್ಲ' ಅಂತ ತೀರ್ಮಾನ ಮಾಡಿಬಿಟ್ಟಿದ್ದೆ. ತುಟಿಗೆ ಏನೂ ಆಗಿರಲಿಲ್ಲ. ಎಲ್ಲಿ ನಿಲ್ಲಿಸಬೇಕು ಅಂತ ಹೇಳುವವರು ಇರಲಿಲ್ಲ, ಅಷ್ಟೇ.

ಹಾಗಾಗಿ ಹಿತ್ತಾಳೆ ವಾದ್ಯದ ಮೊದಲ ಪುಸ್ತಕವನ್ನು ನಾನು ಈಗ ಒಂದೇ ಪ್ರಶ್ನೆ ಇಟ್ಟುಕೊಂಡು ನೋಡುತ್ತೇನೆ: ಇದು ತುಟಿಯ ವೇಗದಲ್ಲಿ ನಡೆಯುತ್ತದೋ, ಕಣ್ಣಿನ ವೇಗದಲ್ಲೋ? ಕಣ್ಣು ಒಂದು ವಾರದಲ್ಲಿ ಹತ್ತು ಸ್ವರ ಓದಲು ಕಲಿಯುತ್ತದೆ. ತುಟಿಗೆ ಅದೇ ಕೆಲಸಕ್ಕೆ ತಿಂಗಳುಗಟ್ಟಲೆ ಬೇಕು.

ಪಿಯಾನೋ ಪುಸ್ತಕದ ಲೆಕ್ಕ ಇಲ್ಲಿ ನಡೆಯುವುದಿಲ್ಲ

ಪಿಯಾನೋದಲ್ಲಿ ಒಂದು ಮನೆ ಒತ್ತಿದರೆ ಒಂದೇ ಸ್ವರ. ಮಗು ಒತ್ತಿದರೂ ಅದೇ, ಪಂಡಿತ ಒತ್ತಿದರೂ ಅದೇ. ಟ್ರಂಪೆಟ್‌ನಲ್ಲಿ ಯಾವ ವಾಲ್ವನ್ನೂ ಒತ್ತದೆ ಊದಿ ನೋಡಿ. ಐದು ಗೆರೆಗಳ ಕೆಳಗೆ ಬರೆಯುವ ಸಿ ಬರಬಹುದು, ಅದರ ಮೇಲಿನ ಜಿ ಬರಬಹುದು, ಆಮೇಲೆ ಮೇಲಿನ ಸಿ, ಇ, ಜಿ. ಬೆರಳು ಅಲ್ಲಾಡಿಯೇ ಇಲ್ಲ. ಯಾವುದು ಬರಬೇಕು ಅಂತ ಆರಿಸುವುದು ತುಟಿ ಮತ್ತು ಗಾಳಿ.

ಇದು ಗೊತ್ತಿರುವವರು ಬರೆದ ಪುಸ್ತಕ ಸುಲಭವಾಗಿ ಸಿಗುವ ಸ್ವರದಿಂದ ಶುರುವಾಗುತ್ತದೆ. ಟ್ರಂಪೆಟ್‌ಗೆ ಅದು ಬಹಳಷ್ಟು ಸಲ ಎರಡನೇ ಗೆರೆಯ ಮೇಲಿನ ಜಿ. ಅಲ್ಲಿಂದ ಒಂದೊಂದೇ ಮೆಟ್ಟಿಲು ಕೆಳಗೆ ಇಳಿದು ಸಿ ತನಕ ಬರುತ್ತದೆ. ಈ ಐದು ಸ್ವರಗಳಲ್ಲೇ ಹತ್ತಾರು ಪುಟ ಓಡಾಡಿಸುತ್ತದೆ. ಓದುವವರಿಗೆ ಬೇಜಾರು ಬರಬಹುದು. ತುಟಿಗೆ ಬೇಕಾಗಿರುವುದು ಅದೇ.

ಇದು ಗೊತ್ತಿಲ್ಲದ ಪುಸ್ತಕ ಮೊದಲ ಪಾಠದಲ್ಲೇ ಸಿ ಇಂದ ಸಿ ತನಕ ಎಂಟು ಸ್ವರಗಳ ಏಣಿ ಹಾಕುತ್ತದೆ. ಕಾಗದದ ಮೇಲೆ ಚೆಂದ. ಮೇಲಿನ ಆ ಮೂರು ಸ್ವರ ಹಿಡಿಯಲು ಹೊಸಬರು ಏನು ಮಾಡುತ್ತಾರೆ ಗೊತ್ತಾ? ನಾನು ಮಾಡಿದ್ದನ್ನೇ. ಒತ್ತುತ್ತಾರೆ. ಒತ್ತಿ ಊದುವ ಚಟ ಮೂರು ವಾರದಲ್ಲಿ ಹತ್ತುತ್ತದೆ, ಬಿಡಿಸಲು ವರ್ಷ ಬೇಕು.

ಪುಸ್ತಕ ಕೈಗೆ ಬಂದ ಕೂಡಲೇ ನಾನು ಮಾಡುವ ಮೊದಲ ಪರೀಕ್ಷೆ ಇದು: ಮೂರನೇ ಸಂದಿನಲ್ಲಿ ಕೂರುವ ಸಿ ಯಾವ ಪುಟದಲ್ಲಿ ಬರುತ್ತದೆ ಅಂತ ಹುಡುಕುತ್ತೇನೆ. ಪಾಠ ಶುರುವಾದ ಮೂರು ನಾಲ್ಕು ಪುಟದೊಳಗೆ ಬಂದರೆ ಆ ಪುಸ್ತಕ ಒಬ್ಬ ಗುರುವಿನ ಜೊತೆಗೆ ಮಾತ್ರ ಸರಿ. ಒಬ್ಬರೇ ಕಲಿಯುವವರು ಅದನ್ನು ಕಪಾಟಿಗೆ ವಾಪಸ್ ಇಡುವುದು ಒಳ್ಳೆಯದು.

ಬ್ಯಾಂಡ್ ತರಗತಿಯ ಪುಸ್ತಕಗಳು

ಎಸೆನ್ಷಿಯಲ್ ಎಲಿಮೆಂಟ್ಸ್, ಸ್ಟ್ಯಾಂಡರ್ಡ್ ಆಫ್ ಎಕ್ಸಲೆನ್ಸ್, ಆಕ್ಸೆಂಟ್ ಆನ್ ಅಚೀವ್‌ಮೆಂಟ್ ಇವೆಲ್ಲ ಅಮೆರಿಕದ ಶಾಲಾ ಬ್ಯಾಂಡ್‌ಗಳಿಗಾಗಿ ಹುಟ್ಟಿದವು. ಕೊಳಲಿನಿಂದ ಟ್ಯೂಬಾ ತನಕ ಪ್ರತಿ ವಾದ್ಯಕ್ಕೂ ಒಂದೊಂದು ಪುಸ್ತಕ. ಎಲ್ಲದರಲ್ಲೂ ಹೆಚ್ಚುಕಡಿಮೆ ಅದೇ ಪಾಠ ಅದೇ ಕ್ರಮಸಂಖ್ಯೆಯಲ್ಲಿ ಇರುತ್ತದೆ. ಇಡೀ ತರಗತಿ ಒಟ್ಟಿಗೆ ನುಡಿಸಬೇಕಲ್ಲ.

ಒಬ್ಬರೇ ಕಲಿಯುವ ಹೊಸಬರಿಗೆ ನಾನು ಮೊದಲು ಹೇಳುವುದೂ ಇವನ್ನೇ. ಸಾಲುಗಳು ಚಿಕ್ಕವು. ಒಂದು ಪುಟಕ್ಕೆ ಒಂದೋ ಎರಡೋ ಹೊಸ ಸಂಗತಿ. ಜೊತೆಗೆ ನುಡಿಸಲು ಧ್ವನಿಮುದ್ರಣ ಸಿಗುತ್ತದೆ. ಹಿನ್ನೆಲೆ ಸಂಗೀತದ ಜೊತೆ ಐದೇ ಸ್ವರದ ಹಾಡು ಊದಿದರೂ ಏನೋ ಸಾಧಿಸಿದ ಹಾಗಿರುತ್ತದೆ. ಮೂವತ್ತು ದಾಟಿದವನು ಕಿಟಕಿ ಮುಚ್ಚಿಕೊಂಡು ಶಿಶುಗೀತೆ ಊದುವ ಮುಜುಗರ ನನಗೂ ಗೊತ್ತು. ಒಂದು ವಾರ ಇರುತ್ತದೆ, ಆಮೇಲೆ ಹೋಗುತ್ತದೆ.

ಇವುಗಳ ತೊಂದರೆಯೂ ಇದೇ ಒಟ್ಟಿಗೆ ನುಡಿಸುವ ಗುಣದಿಂದಲೇ ಬರುತ್ತದೆ. ಎಲ್ಲ ವಾದ್ಯಕ್ಕೂ ಒಂದೇ ಶ್ರುತಿಯಲ್ಲಿ ಪಾಠ ಬೇಕು. ಅದಕ್ಕೆ ಸಾಮಾನ್ಯವಾಗಿ ಆರಿಸುವುದು ಪಿಯಾನೋದ ಬಿ ಫ್ಲಾಟ್‌ನಿಂದ ಎಫ್ ತನಕದ ಐದು ಸ್ವರ. ಟ್ರಂಪೆಟ್‌ಗೆ ಇದು ಹೇಳಿ ಮಾಡಿಸಿದ ಹಾಗಿದೆ. ಬಿ ಫ್ಲಾಟ್ ಟ್ರಂಪೆಟ್‌ನವರು ಸಿ ಎಂದು ಓದಿ ಊದಿದಾಗ ಹೊರಗೆ ಕೇಳುವುದು ಪಿಯಾನೋದ ಬಿ ಫ್ಲಾಟ್. ಹಾಗಾಗಿ ಆ ಐದು ಸ್ವರ ಅವರ ಪುಸ್ತಕದಲ್ಲಿ ಸಿ, ಡಿ, ಇ, ಎಫ್, ಜಿ.

ಟ್ರೊಂಬೋನ್‌ನವರು ಪಿಯಾನೋದ ಹೆಸರಲ್ಲೇ ಓದುತ್ತಾರೆ. ಅವರಿಗೆ ಪಾಪ, ಎರಡನೆಯ ಸ್ವರವೇ, ಅಂದರೆ ಸಿ, ಕಷ್ಟ. ಆ ಐದು ಸ್ವರಕ್ಕೆ ಸ್ಲೈಡ್, ಅಂದರೆ ಕೈಯಲ್ಲಿ ಹಿಂದೆ ಮುಂದೆ ಎಳೆಯುವ ಕೊಳವೆ, ನಿಲ್ಲಬೇಕಾದ ಜಾಗಗಳು 1, 6, 4, 3, 1. ಆರನೆಯ ಜಾಗ ಅಂದರೆ ತೋಳು ಪೂರ್ತಿ ಚಾಚಬೇಕು. ಚಿಕ್ಕ ಮಕ್ಕಳ ಕೈ ಅಲ್ಲಿಗೆ ಮುಟ್ಟುವುದೇ ಇಲ್ಲ. ಮಗು ಭುಜ ತಿರುಗಿಸಿ, ಮೌತ್‌ಪೀಸ್ ಓರೆ ಮಾಡಿ ಹೇಗೋ ತಲುಪುತ್ತದೆ. ಸ್ವರ ಬರುತ್ತದೆ, ತುಟಿಯ ಕೂರುವಿಕೆ ಕೆಡುತ್ತದೆ. ಮಗುವಿಗೆ ಪುಸ್ತಕ ತರುವವರು ಈ ಸಿ ಸ್ವರ ಎಲ್ಲಿ ಬರುತ್ತದೆ ಅಂತ ನೋಡಿ, ಆ ಪಾಠವನ್ನು ಸ್ವಲ್ಪ ದಿನ ದಾಟಿಸಿದರೆ ಏನೂ ನಷ್ಟವಿಲ್ಲ.

ಹಾರ್ನ್‌ನವರ ಕಥೆ ಇನ್ನೂ ಒಂದು ಕೈ ಮೇಲೆ. ಅದೇ ಐದು ಸ್ವರ ಎಫ್ ಹಾರ್ನ್ ಪುಸ್ತಕದಲ್ಲಿ ಎಫ್‌ನಿಂದ ಮೇಲಿನ ಸಿ ತನಕ ಆಗುತ್ತದೆ. ಟ್ರಂಪೆಟ್‌ನಲ್ಲಿ ಕೆಳಗಿನ ಸಿ ಊದಲು ಹೋಗಿ ತಪ್ಪಿದರೆ ಜಿ ಬರುತ್ತದೆ. ನಡುವೆ ಸಾಕಷ್ಟು ದೂರ ಇದೆ, ಹಾಗಾಗಿ ತಪ್ಪಿದ್ದು ತಕ್ಷಣ ಗೊತ್ತಾಗುತ್ತದೆ. ಹಾರ್ನ್‌ನ ಆ ಭಾಗದಲ್ಲಿ ಒಂದೇ ಬೆರಳಿಗೆ ಸಿಗುವ ಸ್ವರಗಳು ಒಂದಕ್ಕೊಂದು ಅಂಟಿಕೊಂಡ ಹಾಗೆ ಇರುತ್ತವೆ. ಒಂದು ಊದಲು ಹೋದರೆ ಪಕ್ಕದ್ದು ಬರುತ್ತದೆ, ಸರಿಯೋ ತಪ್ಪೋ ಹೊಸಬರಿಗೆ ತಿಳಿಯುವುದೂ ಇಲ್ಲ. ಹಾಗಾಗಿ ಮನೆಯಲ್ಲಿ ಒಬ್ಬರೇ ಹಾರ್ನ್ ಕಲಿಯುವವರಿಗೆ ನಾನು ಬ್ಯಾಂಡ್ ಪುಸ್ತಕ ಬೇಡ ಅನ್ನುತ್ತೇನೆ. ಹಾರ್ನ್‌ಗೆಂದೇ ಬರೆದ, ಕೆಳಗಿನ ಸಿ ಮತ್ತು ಜಿ ನಡುವೆ ಶುರುವಾಗುವ ಪುಸ್ತಕ ಹುಡುಕಿ. ತರಗತಿಗೆ ಬ್ಯಾಂಡ್ ಪುಸ್ತಕ ಕಡ್ಡಾಯ ಆಗಿದ್ದರೆ ಅದು ತರಗತಿಗೆ, ಇದು ಮನೆಗೆ.

ಟ್ಯೂಬಾದವರು ಒಂದೇ ಒಂದು ವಿಷಯ ನೋಡಿಕೊಂಡರೆ ಸಾಕು. ಟ್ಯೂಬಾಗಳು ಬಿ ಫ್ಲಾಟ್, ಸಿ, ಇ ಫ್ಲಾಟ್, ಎಫ್ ಹೀಗೆ ಬೇರೆಬೇರೆ ಶ್ರುತಿಯಲ್ಲಿ ಬರುತ್ತವೆ. ಬಾಸ್ ಕ್ಲೆಫ್‌ನಲ್ಲಿ ಓದುವಾಗ ಒಂದೊಂದಕ್ಕೂ ಬೆರಳು ಬೇರೆ. (ಕ್ಲೆಫ್ ಅಂದರೆ ಯಾವ ಗೆರೆ ಯಾವ ಸ್ವರ ಅಂತ ಹೇಳಲು ಸಾಲಿನ ಮೊದಲಲ್ಲಿ ಹಾಕುವ ಗುರುತು. ಕೆಳಗಿನ ಸ್ವರಗಳಿಗೆ ಬಾಸ್, ಮೇಲಿನವಕ್ಕೆ ಟ್ರೆಬಲ್.) ಪುಸ್ತಕದ ಬೆರಳು ಪಟ್ಟಿ ನಿಮ್ಮ ವಾದ್ಯದ್ದೇ ತಾನೇ?

ಹಳೇ ಕಾಲದ ತೆಳು ಪುಸ್ತಕಗಳು

ರುಬ್ಯಾಂಕ್ ಎಲಿಮೆಂಟರಿ, ಎ ಟ್ಯೂನ್ ಎ ಡೇ. ಚಿತ್ರ ಕಡಿಮೆ, ಬಣ್ಣ ಇಲ್ಲ, ಪುಟದ ತುಂಬ ಸ್ವರ. ಇವನ್ನು ನೋಡಿದರೆ ಹಳೇ ಮೇಷ್ಟ್ರ ನೆನಪಾಗುತ್ತದೆ. ಜಾಸ್ತಿ ಮಾತಿಲ್ಲ, ಮುದ್ದಿಲ್ಲ, ಕೆಲಸ ಮಾತ್ರ ಇದೆ.

ಇವು ಒಬ್ಬರ ಪಾಠಕ್ಕೆ ಸರಿಹೊಂದುತ್ತವೆ. ಗುರು ಪಕ್ಕದಲ್ಲಿ ಕೂತು ನುಡಿಸಲು ಇಬ್ಬರ ಹಾಡುಗಳಿವೆ, ಬೇರೆಬೇರೆ ಶ್ರುತಿಗಳು ಬೇಗ ಬರುತ್ತವೆ. ರುಬ್ಯಾಂಕ್ ಹಿಡಿದವರಿಗೆ ಮುಂದಿನ ದಾರಿಯೂ ಸಿದ್ಧವಾಗಿದೆ: ಎಲಿಮೆಂಟರಿ ಆದ ಮೇಲೆ ಇಂಟರ್‌ಮೀಡಿಯೆಟ್, ಆಮೇಲೆ ಅಡ್ವಾನ್ಸ್ಡ್. ನಡುವೆ ಏನು ಓದಲಿ ಅಂತ ತಲೆ ಕೆಡಿಸಿಕೊಳ್ಳಬೇಕಿಲ್ಲ.

ಗುರು ಇಲ್ಲದೆ ಇವನ್ನು ಹಿಡಿದರೆ ವೇಗ ಜಾಸ್ತಿ ಆಗುತ್ತದೆ. ಬ್ಯಾಂಡ್ ಪುಸ್ತಕ ನಾಲ್ಕು ಪುಟದಲ್ಲಿ ಹೇಳುವುದನ್ನು ಇವು ಒಂದೇ ಪುಟದಲ್ಲಿ ಮುಗಿಸಿಬಿಡುತ್ತವೆ. ಒಂದು ಪುಟ ಒಂದು ದಿನದ್ದು ಅಂದುಕೊಳ್ಳಬೇಡಿ, ವಾರದ್ದು ಅಂದುಕೊಳ್ಳಿ. ಮೊದಲೇ ಕೀಬೋರ್ಡೋ ಪಿಟೀಲೋ ನುಡಿಸಿ ಸ್ವರ ಓದಲು ಬರುವವರಿಗೆ ಇವೇ ಹೆಚ್ಚು ಹಿಡಿಸಬಹುದು. ತಾಳ, ಅರ್ಧ ಮಾತ್ರೆ, ಕಾಲು ಮಾತ್ರೆ ಅಂತ ಪುಟಗಟ್ಟಲೆ ಓದುವ ಕಷ್ಟ ತಪ್ಪುತ್ತದೆ. ಆದರೆ ಎಚ್ಚರ: ಅಂಥವರ ಕಣ್ಣು ತುಟಿಗಿಂತ ಬಹಳ ಮುಂದೆ ಇರುತ್ತದೆ. ಮೂರನೇ ವಾರದಲ್ಲಿ ಕೆಂಪು ಬಳೆ ಮೂಡುವುದು ಇವರಿಗೇ ಮೊದಲು.

ಹಾಗಾದರೆ ಆರ್ಬನ್ ಬೇಡವಾ?

ಬೇಕು, ಈಗ ಬೇಡ. ಜ್ಯಾನ್ ಬ್ಯಾಪ್ಟಿಸ್ಟ್ ಆರ್ಬನ್ ಪ್ಯಾರಿಸ್‌ನ ಸಂಗೀತ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ಕಾರ್ನೆಟ್ (ಟ್ರಂಪೆಟ್‌ನ ಹತ್ತಿರದ ನೆಂಟ) ವಾದಕರು. 1864ರಲ್ಲಿ ಈ ಪುಸ್ತಕ ಹೊರತಂದರು. ಬರೆದದ್ದು ಕಾರ್ನೆಟ್‌ಗೆ ಮತ್ತು ಸ್ಯಾಕ್ಸ್‌ಹಾರ್ನ್ ಅನ್ನುವ ಇನ್ನೊಂದು ಹಿತ್ತಾಳೆ ವಾದ್ಯಕ್ಕೆ, ಇವತ್ತು ಜಾಸ್ತಿ ಬಳಸುವವರು ಟ್ರಂಪೆಟ್‌ನವರು. ಕಾಲೇಜಿನ ವಿದ್ಯಾರ್ಥಿಗಳಿಗೆ ಹೇಳಿಕೊಡಲು ಮಾಡಿದ ಪುಸ್ತಕವನ್ನು ನಿನ್ನೆ ವಾದ್ಯ ಕೊಂಡವನು ಮೊದಲ ಪುಟದಿಂದ ಓದಲು ಹೊರಟರೆ ನಿಘಂಟನ್ನು ಕಾದಂಬರಿಯ ಹಾಗೆ ಓದಿದಂತೆ. 'ಅ' ಇಂದ ಶುರು ಮಾಡಿದರೂ ಕಥೆ ಎಲ್ಲಿಗೂ ಹೋಗುವುದಿಲ್ಲ.

ಆರ್ಬನ್ ಒಂದು ಉಗ್ರಾಣ. ಒಂದು ಕಡೆ ನಾಲಿಗೆಯ ಕೆಲಸ, ಒಂದು ಕಡೆ ಸ್ವರಗಳನ್ನು ಕೂಡಿಸುವ ಕೆಲಸ, ಒಂದು ಕಡೆ ಏಣಿಗಳು. 150 ಹಾಡುಗಳು, ಇಬ್ಬರು ಕೂತು ನುಡಿಸುವ 68 ತುಣುಕುಗಳು, ಕೊನೆಗೆ ಬೆವರಿಳಿಸುವ 14 ದೊಡ್ಡ ಅಭ್ಯಾಸಗಳು ಮತ್ತು 12 ಕಛೇರಿ ರಚನೆಗಳು. ಗೊತ್ತಿರುವವರು ಅಲ್ಲಿಂದ ಒಂದು, ಇಲ್ಲಿಂದ ಒಂದು ಎತ್ತಿ ದಿನದ ಅಭ್ಯಾಸ ಜೋಡಿಸಿಕೊಳ್ಳುತ್ತಾರೆ. ಹೊಸಬರಿಗೆ ಏನು ಎತ್ತಬೇಕು ಅನ್ನುವುದೇ ಗೊತ್ತಿರುವುದಿಲ್ಲ. ಒಂದು ತೆಳು ಪುಸ್ತಕ ಮುಗಿದ ಮೇಲೆ ಆ 150 ಹಾಡುಗಳಲ್ಲಿ ಸುಲಭದವುಗಳಿಂದ ಆರ್ಬನ್ ಒಳಗೆ ಹೋಗಿ. ಬಾಗಿಲು ಅಲ್ಲಿದೆ.

ದುಡ್ಡಿನ ಚಿಂತೆ ಇದ್ದರೆ ಇನ್ನೊಂದು ಮಾತು. ಆರ್ಬನ್ ತೀರಿಕೊಂಡದ್ದು 1889ರಲ್ಲಿ. ಮೂಲ ಪುಸ್ತಕದ ಹಕ್ಕುಸ್ವಾಮ್ಯ ಯಾವತ್ತೋ ಮುಗಿದಿದೆ, ಹಳೇ ಮುದ್ರಣಗಳು ಇಂಟರ್ನೆಟ್‌ನಲ್ಲಿ ಉಚಿತವಾಗಿ ಸಿಗುತ್ತವೆ. ಪುಕ್ಕಟೆ ಸಿಕ್ಕಿತು ಅಂತ ಅದೇ ಮೊದಲ ಪುಸ್ತಕ ಆಗಬೇಕಿಲ್ಲ.

ಹಳೇ ಪುಸ್ತಕದ ಸಲಹೆಗಳನ್ನು ಕಣ್ಣು ಮುಚ್ಚಿಕೊಂಡು ಒಪ್ಪಬೇಡಿ ಅಂತಲೂ ಹೇಳಬೇಕು. ಮೌತ್‌ಪೀಸಿನ ಮೂರನೇ ಎರಡು ಪಾಲು ಕೆಳದುಟಿಯ ಮೇಲೆ, ಒಂದು ಪಾಲು ಮೇಲ್ದುಟಿಯ ಮೇಲೆ ಇರಲಿ ಅನ್ನುವುದು ಆರ್ಬನ್ ಮಾತು. ಹಾರ್ನ್ ಕಲಿಸುವವರನ್ನು ಕೇಳಿ, ಸರಿಯಾಗಿ ಉಲ್ಟಾ ಹೇಳುತ್ತಾರೆ: ಎರಡು ಪಾಲು ಮೇಲೆ. ಟ್ರಂಪೆಟ್‌ನವರಲ್ಲೇ ಇವತ್ತು ಅರ್ಧಕ್ಕರ್ಧ ಇಡುವವರಿದ್ದಾರೆ, ಮೇಲೆ ಜಾಸ್ತಿ ಇಡುವವರೂ ಇದ್ದಾರೆ. ಹಲ್ಲು, ದವಡೆ, ತುಟಿಯ ದಪ್ಪ ಒಬ್ಬೊಬ್ಬರದು ಒಂದೊಂದು ಥರ. ಹಾಗೆಯೇ ನಕ್ಕ ಹಾಗೆ ತುಟಿಯನ್ನು ಎರಡೂ ಕಡೆ ಎಳೆಯಿರಿ ಅನ್ನುವ ಹಳೇ ಪಾಠವನ್ನು ಈಗ ಬಹುತೇಕ ಗುರುಗಳು ಕೈಬಿಟ್ಟಿದ್ದಾರೆ. ಎಳೆದ ತುಟಿ ತೆಳುವಾಗುತ್ತದೆ, ಬೇಗ ಸೋಲುತ್ತದೆ. ಬಾಯಿಯ ಮೂಲೆಗಳು ಗಟ್ಟಿ, ನಡುಭಾಗ ಸಡಿಲ ಅನ್ನುವುದು ಈಗಿನ ಮಾತು. ನಗುವ ಬಾಯಿಯ ಚಿತ್ರ ಕಂಡರೆ ಆ ಪುಟ ತಿರುವಿಹಾಕಿ.

ಕ್ಲಾರ್ಕ್ ಅವರ ಟೆಕ್ನಿಕಲ್ ಸ್ಟಡೀಸ್ ಹೆಸರೂ ಕಿವಿಗೆ ಬೀಳುತ್ತದೆ. ಅದು ಬೆರಳಿಗೂ ಉಸಿರಿಗೂ ಒಳ್ಳೆಯ ವ್ಯಾಯಾಮ. ಮೊದಲ ಪುಸ್ತಕ ಖಂಡಿತ ಅಲ್ಲ. ಮೂರೂ ವಾಲ್ವ್ ಒತ್ತಿ ಊದುವ ಅತಿ ಕೆಳಗಿನ ಎಫ್ ಶಾರ್ಪ್‌ನಿಂದಲೇ ಶುರುವಾಗುತ್ತದೆ ಅಂದರೆ ಅರ್ಥ ಮಾಡಿಕೊಳ್ಳಿ.

ನಕಲು ಪುಸ್ತಕ ಗುರುತಿಸುವುದು

ಟ್ರಂಪೆಟ್‌ಗೆ ಬರೆದ ಪುಸ್ತಕದ ಕ್ಲೆಫ್ ಬದಲಿಸಿ, ರಕ್ಷಾಪುಟಕ್ಕೆ ಟ್ರೊಂಬೋನ್ ಚಿತ್ರ ಅಂಟಿಸಿದ ಪುಸ್ತಕಗಳೂ ಇವೆ. ಹಿಡಿಯುವುದು ಸುಲಭ. ಸ್ಲರ್ ಗೆರೆ, ಅಂದರೆ ಎರಡು ಸ್ವರಗಳ ಮೇಲೆ ಬಿಲ್ಲಿನ ಹಾಗೆ ಎಳೆದ ಗೆರೆ, ಮೊದಲ ಸಲ ಬರುವ ಪುಟ ತೆಗೆಯಿರಿ. ಟ್ರಂಪೆಟ್‌ನಲ್ಲಿ ಅದಕ್ಕೆ ನಾಲಿಗೆ ಮುಟ್ಟಿಸದೆ ವಾಲ್ವ್ ಬದಲಿಸಿದರೆ ಆಯಿತು. ಟ್ರೊಂಬೋನ್‌ನಲ್ಲಿ ಹಾಗೇ ಸುಮ್ನೆ ಸ್ಲೈಡ್ ಎಳೆದರೆ ಒಂದು ಸ್ವರದಿಂದ ಇನ್ನೊಂದಕ್ಕೆ ಊಊ ಅಂತ ಜಾರುತ್ತದೆ, ಬೆಕ್ಕು ಅತ್ತ ಹಾಗೆ. ಅದಕ್ಕೆ ಅವರು ನಾಲಿಗೆಯನ್ನು 'ದ' ಅನ್ನುವಷ್ಟು ಮೆತ್ತಗೆ ತಾಗಿಸಬೇಕು. ಈ ವಿಷಯ ಆ ಪುಟದಲ್ಲಿ ಒಂದು ಸಾಲಾದರೂ ಇದೆಯಾ? ಇಲ್ಲದಿದ್ದರೆ ಬರೆದವರು ಟ್ರೊಂಬೋನ್ ಯೋಚಿಸಿಯೇ ಇಲ್ಲ.

ಕ್ಲೆಫ್ ಬಗ್ಗೆಯೂ ಕೊಳ್ಳುವ ಮುಂಚೆಯೇ ಕೇಳಿಕೊಳ್ಳಿ. ಯುಫೋನಿಯಂ (ಚಿಕ್ಕ ಟ್ಯೂಬಾದಂಥ ವಾದ್ಯ) ಮತ್ತು ಟ್ರೊಂಬೋನ್ ಪುಸ್ತಕಗಳು ಟ್ರೆಬಲ್ ಕ್ಲೆಫ್‌ನಲ್ಲೂ ಬರುತ್ತವೆ, ಬಾಸ್ ಕ್ಲೆಫ್‌ನಲ್ಲೂ ಬರುತ್ತವೆ. ಬ್ರಿಟಿಷ್ ಶೈಲಿಯ ಬ್ರಾಸ್ ಬ್ಯಾಂಡ್‌ನಲ್ಲಿ ಬಾಸ್ ಟ್ರೊಂಬೋನ್ ಒಂದನ್ನು ಬಿಟ್ಟು ಎಲ್ಲ ಹಿತ್ತಾಳೆ ವಾದ್ಯಗಳೂ ಟ್ರೆಬಲ್ ಕ್ಲೆಫ್ ಓದುತ್ತವೆ. ಆರ್ಕೆಸ್ಟ್ರಾದಲ್ಲಿ ಟ್ರೊಂಬೋನ್ ಮುಖ್ಯವಾಗಿ ಬಾಸ್ ಕ್ಲೆಫ್. ನಾಳೆ ಯಾರ ಜೊತೆ ಕೂತು ನುಡಿಸುತ್ತೀರೋ ಅವರ ಲಿಪಿಯಲ್ಲೇ ಕಲಿಯಿರಿ.

ಪುಟ ತೆರೆದು ನೋಡುವಾಗ

ವಿರಾಮ ಎಲ್ಲಿದೆ ನೋಡಿ. ನುಡಿಸಿದಷ್ಟೇ ಹೊತ್ತು ಬಿಡುವು ಕೊಡಿ ಅನ್ನುವುದು ಹಿತ್ತಾಳೆ ವಾದ್ಯದ ಗುರುಗಳು ಹೇಳುತ್ತಲೇ ಇರುವ ಮಾತು. ಒಳ್ಳೆಯ ಪುಸ್ತಕದಲ್ಲಿ ಅದು ಸಾಲಿನೊಳಗೇ ಇರುತ್ತದೆ: ನಾಲ್ಕು ಎಣಿಕೆ ಊದು, ನಾಲ್ಕು ಎಣಿಕೆ ಸುಮ್ಮನಿರು. ಆ ನಾಲ್ಕು ಎಣಿಕೆಯಲ್ಲಿ ಮೌತ್‌ಪೀಸ್ ತುಟಿಯಿಂದ ತೆಗೆಯಬೇಕು, ರಕ್ತ ಓಡಾಡಬೇಕು, ಮತ್ತೆ ಹೊಸದಾಗಿ ಇಟ್ಟು ಊದಬೇಕು. ಹೀಗೆ ಇಟ್ಟು ತೆಗೆದು ಮಾಡುವುದರಲ್ಲೇ ತುಟಿ ತನ್ನ ಜಾಗ ಕಲಿಯುತ್ತದೆ. ಪುಟದ ತುಂಬ ಸ್ವರವೇ ಇದ್ದರೆ ನೀವೇ ಪೆನ್ಸಿಲ್‌ನಲ್ಲಿ ಪ್ರತಿ ಸಾಲಿನ ಕೊನೆಗೆ 'ನಿಲ್ಲು' ಅಂತ ಬರೆದುಕೊಳ್ಳಿ.

ಬೆರಳಿನ ಅಂಕಿ ಎಷ್ಟು ಸಲ ಬರೆದಿದ್ದಾರೆ? ಹೊಸ ಸ್ವರ ಬಂದಾಗ ಒಂದು ಸಲ ಬರೆದರೆ ಸಾಕು. ಪ್ರತಿ ಸ್ವರದ ತಲೆ ಮೇಲೂ 1-2, 1-3 ಅಂತ ಇದ್ದರೆ ಕಣ್ಣು ಅಂಕಿಯನ್ನೇ ಓದುತ್ತದೆ. ಮೂರು ತಿಂಗಳಾದ ಮೇಲೆ ಅಂಕಿ ಇಲ್ಲದ ಹಾಡು ಕೊಟ್ಟರೆ ಅಕ್ಷರ ಬಾರದವರ ಹಾಗೆ ಕೂರಬೇಕಾಗುತ್ತದೆ.

ವಾಲ್ವ್ ಬದಲಿಸದೆ ತುಟಿಯಿಂದಲೇ ಎರಡು ಸ್ವರಗಳ ನಡುವೆ ಓಡಾಡುವ ಅಭ್ಯಾಸ, ಲಿಪ್ ಸ್ಲರ್, ಪುಸ್ತಕದ ಮೊದಲರ್ಧದಲ್ಲಿ ಬರಬೇಕು. ಇಡೀ ಪುಸ್ತಕದಲ್ಲಿ ಅದು ಇಲ್ಲವೇ ಇಲ್ಲ ಅಂದರೆ ಆ ಪುಸ್ತಕ ಹಾಡುಗಳ ಸಂಗ್ರಹ, ಪಾಠದ ಪುಸ್ತಕ ಅಲ್ಲ.

ಧ್ವನಿಮುದ್ರಣಕ್ಕೆ ಕೋಡ್ ಕೊಟ್ಟಿರುವ ಪುಸ್ತಕವನ್ನು ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಹುಷಾರು. ಕೆಲವು ಕೋಡ್ ಒಂದೇ ಸಲ ನಡೆಯುತ್ತವೆ, ಹಿಂದಿನವರು ಬಳಸಿಬಿಟ್ಟಿರುತ್ತಾರೆ. ಪುಸ್ತಕ ಸ್ಟ್ಯಾಂಡಿನ ಮೇಲೆ ತಾನಾಗಿ ತೆರೆದು ನಿಲ್ಲುತ್ತದಾ ಅಂತಲೂ ನೋಡಿ. ಎರಡೂ ಕೈ ವಾದ್ಯದ ಮೇಲಿರುವಾಗ ಪುಟ ಮುಚ್ಚಿಕೊಂಡರೆ ಗದ್ದದಿಂದ ಒತ್ತಿ ಹಿಡಿಯಲು ಆಗುತ್ತದಾ? ನಾನು ಪ್ರಯತ್ನ ಮಾಡಿದ್ದೇನೆ.

ಯಾರಿಗೆ ಯಾವುದು

ಗುರು ಇದ್ದರೆ ಅವರು ಹೇಳಿದ ಪುಸ್ತಕವೇ ಸರಿ, ಈ ಬರಹ ಪಕ್ಕಕ್ಕಿಡಿ. ಪಾಠ ಹೇಳುವವರ ಕೈಗೆ ಪಳಗಿದ ಪುಸ್ತಕ ಎಂಥ ಒಳ್ಳೆಯ ಪುಸ್ತಕಕ್ಕಿಂತಲೂ ಮೇಲು. ಒಬ್ಬರೇ ಟ್ರಂಪೆಟ್ ಅಥವಾ ಯುಫೋನಿಯಂ ಕಲಿಯುತ್ತಿದ್ದು, ಸ್ವರ ಓದಲೂ ಬಾರದಿದ್ದರೆ ಬ್ಯಾಂಡ್ ಪುಸ್ತಕದ ಮೊದಲ ಭಾಗ ತನ್ನಿ. ಓದಲು ಬರುತ್ತದೆ, ವಾರಕ್ಕೊಮ್ಮೆ ಯಾರಾದರೂ ಕೇಳಿ ತಿದ್ದುತ್ತಾರೆ ಅಂದರೆ ರುಬ್ಯಾಂಕ್. ಹಾರ್ನ್‌ಗೆ ಹಾರ್ನ್‌ನದ್ದೇ. ಎರಡು ಮೂರು ಪುಸ್ತಕ ಒಟ್ಟಿಗೆ ತರಬೇಡಿ. ಒಂದರಲ್ಲಿ ಕಷ್ಟ ಬಂದ ಪುಟಕ್ಕೆ ಇನ್ನೊಂದಕ್ಕೆ ಹಾರುವುದು, ಅಲ್ಲಿ ಕಷ್ಟ ಬಂದರೆ ಮೂರನೆಯದಕ್ಕೆ ಹಾರುವುದು ನಡೆಯುತ್ತದೆ. ಕೊನೆಗೆ ಮೂರು ಪುಸ್ತಕದ ಮೊದಲ ಹತ್ತು ಪುಟ ಮಾತ್ರ ಬರುತ್ತದೆ.

ಮುಂದಿನ ಪುಸ್ತಕಕ್ಕೆ ಯಾವಾಗ ಹೋಗಬೇಕು ಅಂತ ಕೇಳುವವರಿಗೆ ನಾನು ಹೇಳುವ ಪರೀಕ್ಷೆ ಸಣ್ಣದು. ಕೊನೆಯ ಪುಟ ಮುಟ್ಟಿದ ಮೇಲೆ ನಡುವಿನ ಯಾವುದಾದರೂ ಪುಟ ತೆಗೆಯಿರಿ. ಸ್ವಲ್ಪ ಊದಿ ತುಟಿ ಬಿಸಿ ಮಾಡಿಕೊಂಡು, ಆ ಪುಟವನ್ನು ಬಿಡುವು ಕೊಡುತ್ತ ಮೇಲಿಂದ ಕೆಳಗೆ ನುಡಿಸಿ. ಮುಗಿದ ಮೇಲೆ ಕನ್ನಡಿ ನೋಡಿಕೊಳ್ಳಿ. ತುಟಿಯ ಮೇಲಿನ ಗುರುತು ಐದು ನಿಮಿಷದಲ್ಲಿ ಮಾಯವಾದರೆ ಹೊಸ ಪುಸ್ತಕ ತರಬಹುದು. ಆಗದಿದ್ದರೆ ಇದೇ ಪುಸ್ತಕ, ಇನ್ನೊಂದು ತಿಂಗಳು.